ಗುಡುಗವ್ವನ ಕೆಂಪು ಗೆರೆ

ಫಿರಂಗಿಯೊಂದನ್ನು ಜನರ ನಡುವೆ ಹಾರಿಸಬಹುದೋ ಬಾರದೋ ಎಂದು ತೀರ್ಪು ಕೊಡುವ ಯೋಗ ಎಲ್ಲರ ಜಾತಕದಲ್ಲೂ ಇರುವುದಿಲ್ಲ. ನನ್ನದರಲ್ಲಿತ್ತು. ಅದೂ ನಿವೃತ್ತನಾದ ಮೇಲೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಒಂದು ಬೆಳಿಗ್ಗೆ, ಪುಣೆಯ ನಮ್ಮ ಮನೆಯ ಕರೆಗಂಟೆ ಒತ್ತಿ, ಚಪ್ಪಲಿ ಹೊರಗೆ ಬಿಟ್ಟು, ಆ ಯೋಗ ಒಳಗೆ ಬಂತು.

ಬಂದವರು ಇಬ್ಬರು, ಸಾಸವಡದ ಆಚೆಯ ಒಂದು ಊರಿನವರು. ಒಬ್ಬರು ಹಿಟ್ಟಿನ ಗಿರಣಿಯ ಮಾಲಕರು. ಮೂಲ ಬೆಳಗಾವಿ ಕಡೆ. ತೊಟ್ಟ ಅಂಗಿ ಯಾವ ಬಣ್ಣದ್ದಾದರೂ ಅದರ ಮೇಲೆ ಜೋಳದ ಬಣ್ಣದ್ದೊಂದು ತೆಳು ಲೇಪ ಇದ್ದೇ ಇರುತ್ತಿತ್ತು. ಇನ್ನೊಬ್ಬರು ಚಾಕಣದ ವಾಹನ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ಲೇಥ್ ಮೇಲೆ ದುಡಿದು ನಿವೃತ್ತರಾದ ಟರ್ನರ್. ನಾನೂ ಅದೇ ಚಾಕಣದಲ್ಲಿ, ಬೇರೊಂದು ಕಾರ್ಖಾನೆಯಲ್ಲಿ, ಗುಣಮಟ್ಟ ಪರೀಕ್ಷಕನಾಗಿದ್ದೆ. ಅಂದರೆ ಬೇರೆಯವರು ಕಷ್ಟಪಟ್ಟು ಮಾಡಿದ್ದನ್ನು ನೋಡಿ ‘ಬೇಡ’ ಎನ್ನುವುದಕ್ಕೆ ಸಂಬಳ ಎಣಿಸುತ್ತಿದ್ದೆ.

“ಸಾಹೇಬ್ರ, ದಸರಾಕ್ಕ ನಮ್ಮೂರ ದೇವಿ ಪಾಲಕಿ ಸೀಮಿ ದಾಟತದ. ಆವಾಗ ತೋಪು ಹಾರಿಸ್ತೇವಿ,” ಎಂದು ಗಿರಣಿಯವರು ಶುರುಮಾಡಿದರು. “ಈ ಸಲ ಪೊಲೀಸರು ಕಾಗದ ಕೇಳ್ಯಾರ. ಇವು ಒಡಿಯೂದಿಲ್ಲ ಅಂತ ತಿಳಿದಾಂವೊಬ್ಬ ಸಹಿ ಮಾಡಬೇಕಂತ.”

“ಯಾಕ, ಎಲ್ಲರೆ ಒಡದದೇನು?”

“ನಮ್ಮಲ್ಲಲ್ರಿ. ಅತ್ತಾಗ, ಬ್ಯಾರೆ ಊರಾಗ. ಒಬ್ಬಾಂವನ ಕೈ ಹೋತು.”

ಊರಿನ ಉತ್ಸವ ಸಮಿತಿಯ ಬಳಿ ಐದು ಉಖಳಿಗಳಿದ್ದವು. ಉಖಳಿ ಎಂದರೆ ನೆಲದ ಮೇಲೆ ನೆಟ್ಟಗೆ ನಿಲ್ಲಿಸುವ ಕಬ್ಬಿಣದ ಗಿಡ್ಡ ನಳಿಗೆ. ಕರಿಮದ್ದು ತುಂಬಿ ಬತ್ತಿ ಹಚ್ಚಿದರೆ ಗುಂಡು ಗಿಂಡು ಏನೂ ಹಾರುವುದಿಲ್ಲ, ಬರೀ ಸದ್ದು. ಮದ್ದು ತುಂಬುವುದು ಲೈಸೆನ್ಸ್ ಇದ್ದ ಪಟಾಕಿಯವನ ಕೆಲಸ. ಆ ಸದ್ದನ್ನು ನಳಿಗೆ ತಡೆದುಕೊಳ್ಳುತ್ತದೆಯೇ ಎಂದು ನೋಡುವುದಷ್ಟೇ ನನ್ನ ಪಾಲಿನದು.

ಟರ್ನರ್ ಆಗ ಕೆಮ್ಮಿದರು. “ಆರನೇದೊಂದು ಅದರಿ. ಅದು ಉಖಳಿ ಅಲ್ಲ. ಗಾಲಿ ತೋಪು. ನಾನ ಮಾಡೀನಿ.”

“ಗುಡುಗವ್ವ ಅಂತಾರ್ರಿ ಅಕಿಗೆ,” ಎಂದರು ಗಿರಣಿಯವರು. ಆಮೇಲೆ, ನಾನು ಕೇಳದಿದ್ದರೂ, ಅಸಲು ವಿಷಯ ಹೇಳಿದರು. ಆ ಊರಲ್ಲಿ ನಮ್ಮ ಕಡೆಯಿಂದ ಹೋಗಿ ನೆಲೆಸಿದವರ ಮನೆಗಳೆಲ್ಲ ಒಂದೇ ಓಣಿಯಲ್ಲಿವೆ. ಊರವರು ಅದನ್ನು ಕಾನಡಿ ಓಣಿ ಎನ್ನುತ್ತಾರೆ. ಪಾಲಕಿ ಯಾವ ಯಾವ ಓಣಿಯ ಬಾಯಲ್ಲಿ ನಿಂತು ಆರತಿ ತೆಗೆದುಕೊಳ್ಳಬೇಕು ಎನ್ನುವುದು ಅಲ್ಲಿ ತಲೆಮಾರುಗಳಿಂದ ನಿಗದಿಯಾದ ಮಾನ. ಹೊರಗಿನಿಂದ ಬಂದವರಿಗೆ ಅದರಲ್ಲಿ ಜಾಗವಿಲ್ಲ. “ಮೊದಲ ನಮ್ಮ ಓಣಿ ಮುಂದಿಂದ ಪಾಲಕಿ ಹಂಗ ಹೋಗತಿತ್ತು. ಇವರು ಗುಡುಗವ್ವನ ಮಾಡಿದ ಮ್ಯಾಲೆ, ತೋಪಿನ ಸಲಾಮಿ ಬಿದ್ದಲ್ಲಿ ದೇವಿ ನಿಲ್ಲಬೇಕು ಅಂತ ಊರವ್ರ ಒಪ್ಪಿದ್ರು. ಈಗ ನಿಲ್ತದ. ನಮ್ಮ ಹೆಣ್ಣಮಕ್ಕಳು ಆರತಿ ಮಾಡ್ತಾರ. ಅಕಿ ಗುಡಗಲಿಲ್ಲಂದ್ರ ನಿಲ್ಲಾಕ ಕಾರಣನ ಇಲ್ಲ ನೋಡ್ರಿ.”

“ನವರಾತ್ರಿ ಹಿಡಿಯೂಕಿಂತ ಮೊದಲ ಬಂದು ನೋಡ್ರಿ,” ಎಂದರು ಟರ್ನರ್. “ಏನರೆ ರಿಪೇರಿ ಇದ್ರ ಮಾಡಾಕ ಟೈಮ್ ಸಿಗ್ತದ.”

ಬರುತ್ತೇನೆ ಎಂದೆ. ಹೋಗಲಿಲ್ಲ. ಆ ದಿನಗಳಲ್ಲಿ ನಾನು ನಮ್ಮ ಹೌಸಿಂಗ್ ಸೊಸೈಟಿಯ ನೀರಿನ ಟಾಕಿ ಸೋರಿಕೆಯ ತನಿಖಾ ಸಮಿತಿಗೆ ಅಧ್ಯಕ್ಷನಾಗಿದ್ದೆ. ಅದು ಸಣ್ಣ ಜವಾಬ್ದಾರಿಯಲ್ಲ. ಸಭೆಗಳಾದವು, ಉಪಸಮಿತಿ ಆಯಿತು, ಉಪಸಮಿತಿಯ ವರದಿಯಲ್ಲೇ ಒಂದು ಸೋರಿಕೆ ಕಂಡುಬಂದು ಅದರ ಮೇಲೂ ಚರ್ಚೆಯಾಯಿತು. ನನ್ನ ಹೆಂಡತಿ ಮಾತ್ರ, “ಟಾಕಿ ಸೋರ್ತದ ಅನ್ನೂದು ಕೆಳಗ ನಿಂತ ಎಲ್ಲಾರಿಗೂ ಗೊತ್ತದ. ಅದಕ್ಕ ಸಮಿತಿ ಯಾಕ್ರಿ? ಅವರು ಪಾಪ ಅಷ್ಟು ದೂರದಿಂದ ಬಂದು ಹೋಗ್ಯಾರ, ಹೋಗಿ ಬರ್ರಿ,” ಎಂದು ಎರಡು ಮೂರು ಸಲ ಅಂದಳು. ಅಧ್ಯಕ್ಷರು ಕಿವಿಗೊಡಲಿಲ್ಲ. ಕೊನೆಗೆ ಹೋದದ್ದು ಅಷ್ಟಮಿಯ ದಿನ. ಮರುದಿನ ಖಂಡೆ ನವಮಿ, ಅಂದರೆ ಆಯುಧಪೂಜೆ; ಅದರ ಮರುದಿನ ದಸರೆ.

ದಿವೆ ಘಾಟ್ ಹತ್ತಿ ಊರು ಮುಟ್ಟುವ ಹೊತ್ತಿಗೆ ದೇವಸ್ಥಾನದ ಹಿಂದಿನ ಬಯಲಲ್ಲಿ ಐದು ಉಖಳಿಗಳನ್ನು ಸಾಲಾಗಿ ಇಟ್ಟಿದ್ದರು. ಸಮಿತಿಯ ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು ನಿಂತಿದ್ದರು. ನಾನು ನನ್ನ ಪೆಟ್ಟಿಗೆ ತೆರೆದು, ಕನ್ನಡಕ ಬದಲಿಸಿ, ಕರಾರುವಾಕ್ಕಾದ ಗಾಂಭೀರ್ಯ ತಂದುಕೊಂಡು ಒಂದೊಂದರ ಮುಂದೂ ಕುಕ್ಕರಗಾಲಲ್ಲಿ ಕೂತೆ. ಮೊಣಕಾಲು ಮಾಡಿದ ಸದ್ದು ಉಖಳಿಗೆ ಕಡಿಮೆಯಿರಲಿಲ್ಲ.

ಮನೆಯಲ್ಲಿ ಮಾಡಿದ ತೋಪು ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಬುಡ ಎಲ್ಲಿಂದ ಬಂತು? ಮದ್ದಿನ ಒತ್ತಡವೆಲ್ಲ ಬೀಳುವುದು ಬುಡದ ಮೇಲೆ. ಗಟ್ಟಿ ಉಕ್ಕಿನ ತುಂಡಿಗೆ ಒಂದೇ ಕಡೆಯಿಂದ ತೂತು ಕೊರೆದಿದ್ದರೆ ಬುಡವೂ ಗೋಡೆಯೂ ಒಂದೇ ಲೋಹ. ಹಾಗಲ್ಲದೆ, ನೀರಿನ ಪೈಪು ತಂದು ಅದರ ಒಂದು ಬಾಯಿಗೆ ತಗಡು ಇಟ್ಟು ವೆಲ್ಡ್ ಮಾಡಿದ್ದರೆ, ಅದು ಉಖಳಿಯಲ್ಲ, ಕೈ ಹೋಗುವ ದಿನಕ್ಕಾಗಿ ಕಾಯುತ್ತ ಕೂತ ವಸ್ತು. ಐದರಲ್ಲಿ ಮೂರು ಗಟ್ಟಿ ತುಂಡಿನವು. ಗೋಡೆಯ ದಪ್ಪ ಅಳೆದೆ, ನಳಿಗೆಯೊಳಗೆ ದೀಪ ಬಿಟ್ಟು ನೋಡಿದೆ, ಬತ್ತಿಯ ತೂತು ಸವೆದು ಅಗಲವಾಗಿದೆಯೇ ಎಂದು ತಂತಿ ಹಾಕಿ ನೋಡಿದೆ. ಪಾಸು. ಇನ್ನೆರಡು ಪೈಪಿನವು. ಒಂದರ ಬುಡದ ವೆಲ್ಡಿಂಗ್ ಸುತ್ತ ಹೊಗೆಯ ಕಪ್ಪು ಆಗಲೇ ಹೊರಗೆ ಬಂದಿತ್ತು.

“ಇವೆರಡು ನಡೆಯೂದಿಲ್ಲ. ಈಗಿಂದೀಗ ಕೊಯ್ಯಬೇಕು,” ಎಂದು ಮರಾಠಿಯಲ್ಲಿ ಹೇಳಿದೆ.

ಈ ‘ಈಗಿಂದೀಗ’ ಎನ್ನುವುದು ನಮ್ಮ ಕಸುಬಿನ ಧರ್ಮ. ಕಾರ್ಖಾನೆಯಲ್ಲಿ ತಿರಸ್ಕರಿಸಿದ ಭಾಗಕ್ಕೆ ಮೊದಲು ಕೆಂಪು ಬಣ್ಣ ಬಳಿಯುತ್ತಾರೆ. ಆಮೇಲೆ ಅದೇ ಪಾಳಿ ಮುಗಿಯುವುದರೊಳಗೆ ಕೊಯ್ದೋ ಜಜ್ಜಿಯೋ ಕೆಡಿಸುತ್ತಾರೆ. ಕೆಡಿಸದೆ ಬಿಟ್ಟ ಕೆಟ್ಟ ಭಾಗ ಹೇಗೋ ಕಾಲು ಬಂದಂತೆ ನಡೆದು ಒಳ್ಳೆಯದರ ರಾಶಿ ಸೇರಿಕೊಳ್ಳುತ್ತದೆ. ಮುಂದೊಂದು ದಿನ ಯಾರದೋ ಗಾಡಿಯ ಬ್ರೇಕಿನಲ್ಲಿ ಪತ್ತೆಯಾಗುತ್ತದೆ. ಇದನ್ನು ನಾನು ಎಷ್ಟು ಜನಕ್ಕೆ ಕಲಿಸಿದ್ದೇನೆಂದರೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ‘ಕೊಯ್ಯಿರಿ’ ಎಂದೇನು.

ಸಮಿತಿಯ ಹಿರಿಯರು ಕಣ್ಣು ಪಿಳುಕಿಸಲಿಲ್ಲ. “ತೋಡೂನ್ ಟಾಕಾ,” ಮುರಿದು ಹಾಕಿ, ಎಂದರು. ಗ್ಯಾಸ್ ಕಟರ್‌ನವನು ಬಂದು ಎರಡನ್ನೂ ಸೀಳಿದ. ಯಾರ ಕಣ್ಣಲ್ಲೂ ನೀರು ಬರಲಿಲ್ಲ. ಧರ್ಮ ಎಷ್ಟು ಸಲೀಸಾಗಿ ನಡೆಯುತ್ತದೆ ಎಂದು ನಾನು ಚಹಾ ಕುಡಿದೆ.

ಆಮೇಲೆ ಕಾನಡಿ ಓಣಿಗೆ ಹೋದೆವು.

ಗುಡುಗವ್ವ ಟರ್ನರ್ ಮನೆಯ ಪಡಸಾಲೆಯಲ್ಲಿ, ಎತ್ತಿನ ಗಾಡಿಯ ಗಾಲಿಯ ಸಣ್ಣ ಅವತಾರದಂತಿದ್ದ ಎರಡು ಗಾಲಿಗಳ ಮೇಲೆ ಕೂತಿದ್ದಳು. ಇಬ್ಬರು ಹಿಡಿದರೆ ಎತ್ತಬಹುದಾದಷ್ಟು ಗಾತ್ರ. ಬಾಯಿಂದ ಬುಡದವರೆಗೆ ಕೆಂಪು. ಪ್ರತಿ ಖಂಡೆ ನವಮಿಗೆ ಎಣ್ಣೆಯಲ್ಲಿ ಕಲಸಿದ ಶೇಂದೂರ, ಅಂದರೆ ಸಿಂಧೂರ, ಬಳಿದು ಬಳಿದು, ಕಬ್ಬಿಣ ಎಂಬುದು ಒಳಗೆಲ್ಲೋ ಇದೆ ಎಂದು ನಂಬಬೇಕಿತ್ತು. ನಮ್ಮ ಕಾರ್ಖಾನೆಯ ಲೆಕ್ಕದಲ್ಲಿ ಅವಳು ಮೊದಲಿನಿಂದಲೂ ತಿರಸ್ಕೃತಳ ಬಣ್ಣದಲ್ಲೇ ಇದ್ದಳು. ಆಗ ಇದು ನನಗೆ ತಮಾಷೆಯಾಗಿ ಕಂಡಿತು.

“ಕೆರೀಬೇಕಾಗ್ತದ,” ಎಂದೆ.

“ದೇವಿ ಮೈ ಹಂಗ ಕೆರೀಬಾರದ್ರಿ ಸಾಹೇಬ್ರ,” ಎಂದರು ಗಿರಣಿಯವರು.

ಟರ್ನರ್ ಶೇಂದೂರದ ಮೇಲೆ ಬೆರಳಾಡಿಸಿದರು. “ಕಿವಿ ಸುತ್ತ ಕೆರೀರಿ. ಬುಡದಾಗ ಒಂಚೂರು. ಬಾಕಿ ಬಿಡ್ರಿ.” ಕಿವಿ ಎಂದರೆ ನಳಿಗೆಯ ಎರಡೂ ಪಕ್ಕ ಚಾಚಿದ ಗೂಟಗಳು. ಅವುಗಳ ಮೇಲೆಯೇ ತೋಪು ಗಾಡಿಗೆ ಕೂರುವುದು. ಟರ್ನರ್ ಮನೆಯವರು, ಅಂದರೆ ಅವರ ಹೆಂಡತಿ, ಒಳಗಿನಿಂದ ಬಂದು, ಒಂದು ಊದುಬತ್ತಿ ಹಚ್ಚಿ, ತೋಪಿಗೆ ಕೈಮುಗಿದು, ನನ್ನ ಕಡೆ ನೋಡದೆ ಒಳಗೆ ಹೋದರು.

ಕೆಲಸ ಚೆಂದವಿತ್ತು ಎಂದು ಹೇಳಲೇಬೇಕು. ಯಾವುದೋ ಹಳೆಯ ಯಂತ್ರದ ಶಾಫ್ಟಿನ ಗಟ್ಟಿ ತುಂಡು. ಒಂದೇ ಕಡೆಯಿಂದ ಕೊರೆದದ್ದು. ಗೋಡೆಯ ದಪ್ಪ ಸುತ್ತಲೂ ಒಂದೇ ಸಮ. ದೀಪ ಬಿಟ್ಟು ನೋಡಿದರೆ ತಳದ ಮೂಲೆಯನ್ನು ಬಟ್ಟಲಿನ ಹಾಗೆ ದುಂಡಗೆ ತಿರುವಿದ್ದರು. ಚೂಪು ಮೂಲೆ ಬಿಟ್ಟಿದ್ದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಆದರೆ ಬುಡಕ್ಕೆ ಗ್ರೈಂಡರ್ ತಾಗಿಸಿದಾಗ ಕಿಡಿಗಳು ಸುರುಸುರುಬತ್ತಿಯ ಹಾಗೆ ಕವಲೊಡೆದವು. ಇಂಗಾಲ ಹೆಚ್ಚಿರುವ ಉಕ್ಕು. ಅಂಥದ್ದರ ಮೇಲೆ ಕಿವಿಗಳನ್ನು ವೆಲ್ಡ್ ಮಾಡುವಾಗ ಮೊದಲು ಇಡೀ ತುಂಡನ್ನು ಬಿಸಿ ಮಾಡಬೇಕು, ಆಮೇಲೆ ನಿಧಾನವಾಗಿ ಆರಲು ಬಿಡಬೇಕು. ಇಲ್ಲದಿದ್ದರೆ ವೆಲ್ಡಿಂಗಿನ ಅಂಚಿನಲ್ಲಿ, ಕಣ್ಣಿಗೆ ಕಾಣದ ಹಾಗೆ, ಸೀಳುತ್ತದೆ. ಸೀಳಿದ್ದು ಮದ್ದಿನ ಕೋಣೆಯ ಗೋಡೆಯ ಕಡೆಗೇ ಬೆಳೆಯುತ್ತದೆ.

“ಬಿಸಿ ಮಾಡಿ ಹಚ್ಚಿದ್ರೇನು?”

ಟರ್ನರ್ ಕತ್ತು ತುರಿಸಿಕೊಂಡರು. “ವೆಲ್ಡಿಂಗ್ ನಾ ಮಾಡ್ಲಿಲ್ರಿ, ಊರಾಗಿನ ವೆಲ್ಡರ್ ಮಾಡಿದ. ಬಿಸಿ ಮಾಡು ಅಂತ ಹೇಳಿದ್ದೆ. ಮಾಡಿದ್ನೋ ಬಿಟ್ನೋ, ನಾ ಚಾ ಕುಡ್ಯಾಕ ಹೋಗಿದ್ದೆ.”

“ಅವನ್ನ ಕೇಳೂಣಲ್ಲ?”

“ಅಂವ ಈಗ ದುಬೈದಾಗ ಅದಾನ್ರಿ. ಫೋನ್ ಹಚ್ಚಿದ್ರ ‘ಮಾಡಿದ್ದೆ ಕಾಕಾ’ ಅಂತಾನ. ಇಲ್ಲಿ ಇದ್ದಾಗೂ ಹಂಗ ಅಂತಿದ್ದ.”

ಅಂಚಿನ ಸೀಳು ನೋಡಲು ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಡೈ ಪರೀಕ್ಷೆಯ ಡಬ್ಬಿಗಳು. ವಿಧಾನ ಸರಳ. ಜಾಗ ಸ್ವಚ್ಛ ಮಾಡಿ ತೆಳು ಬಣ್ಣವೊಂದನ್ನು ಹಚ್ಚುತ್ತೇವೆ. ಬಿರುಕಿದ್ದರೆ ಬಣ್ಣ ಅದರೊಳಗೆ ಇಳಿಯುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ, ಒಳಗೆ ಅಡಗಿದ್ದ ಬಣ್ಣ ಮೆಲ್ಲಗೆ ಹೊರಬಂದು ಬಿಳಿಯ ಮೇಲೆ ಗೆರೆ ಎಳೆಯುತ್ತದೆ. ಆ ಬಣ್ಣ ಕೆಂಪು. ನಾನು ಜೀವನವಿಡೀ ಎಣ್ಣೆ ಕಪ್ಪಿನ ಕಬ್ಬಿಣ ನೋಡಿದವನು. ಕೆಂಪು ದೇವಿಯ ಪರೀಕ್ಷೆಗೆ ಕೆಂಪು ಬಣ್ಣ ತೆಗೆದುಕೊಂಡು ಬಂದಿದ್ದೇನೆ ಎನ್ನುವುದು, ಎಡಗಿವಿಯ ಕೆಳಗೆ, ಬಿಳಿ ಪುಡಿಯ ಮೇಲೆ, ಉಗುರಿನ ಅಂಚಿನಂಥ ಒಂದು ಕೆಂಪು ಗೆರೆ ಮೂಡುವವರೆಗೂ ಹೊಳೆಯಲಿಲ್ಲ.

“ಶೇಂದೂರ ಅದು,” ಎಂದರು ಟರ್ನರ್ ಕೂಡಲೇ. “ವೆಲ್ಡಿಂಗ್ ಅಂಚಿನಾಗ ಸಣ್ಣ ತಗ್ಗದ. ವರ್ಷಾ ವರ್ಷಾ ಅದರಾಗ ಇಳದದ.”

ಇರಬಹುದು. ಒರೆಸಿದೆ, ತೊಳೆದೆ, ಮತ್ತೆ ಬಿಳಿ ಸಿಂಪಡಿಸಿದೆ. ಗೆರೆ ತೆಳುವಾಗಿ ಮತ್ತೆ ಬಂತು. ಎಣ್ಣೆಯ ಶೇಂದೂರವೂ ಹಾಗೇ ಬರುತ್ತದೆ, ಬಿರುಕಿನ ಡೈಯೂ ಹಾಗೇ ಬರುತ್ತದೆ. ಅಲ್ಲಿ ಗ್ರೈಂಡರ್ ಹಿಡಿದರೆ ಲೋಹ ಸವರಿದಂತಾಗಿ ಬಿರುಕಿನ ಬಾಯಿ ಮುಚ್ಚಿಬಿಡಬಹುದು. ಖಚಿತವಾಗಿ ಹೇಳಬಲ್ಲದ್ದು ಒಂದೇ: ಮ್ಯಾಗ್ನೆಟ್ ಪರೀಕ್ಷೆ. ತುಂಡನ್ನು ಅಯಸ್ಕಾಂತವಾಗಿಸಿ ಕಪ್ಪು ಕಬ್ಬಿಣದ ಪುಡಿ ಉದುರಿಸಿದರೆ, ಸೀಳಿದ್ದಲ್ಲಿ ಪುಡಿ ಸಾಲುಗಟ್ಟುತ್ತದೆ. ಅದಕ್ಕೆ ಶೇಂದೂರದ ಹಂಗಿಲ್ಲ. ಚಾಕಣದಲ್ಲಿ ಆ ಉಪಕರಣವಿಟ್ಟ ನನ್ನ ಹಳೆಯ ಶಿಷ್ಯನಿಗೆ ಫೋನು ಮಾಡಿದೆ.

“ಸರ್, ಮಷಿನ್ ಶಿರೂರಿಗೆ ಹೋಗಿದೆ, ಸೈಟಿಗೆ. ರಾತ್ರಿ ವಾಪಸ್ ಬರುತ್ತೆ. ನಾಳೆ ಪೂಜೆ, ಹಾರ ಹಾಕಿಬಿಟ್ರೆ ಯಾರೂ ಮುಟ್ಟಲ್ಲ. ನಾಡಿದ್ದು ರಜೆ. ದಸರಾ ಮುಗಿದ ಮೇಲೆ ನಾನೇ ತಂದುಕೊಡ್ತೀನಿ ಸರ್.” ಹುಡುಗ ಬೆಂಗಳೂರಿನ ಕಡೆಯವನು. ವಿನಯಕ್ಕೆ ಕೊರತೆಯಿಲ್ಲ, ಉಪಯೋಗಕ್ಕೆ ಮಾತ್ರ ಬರಲಿಲ್ಲ. ಒಂದು ವಾರ ಮೊದಲು ನಾನು ಇಲ್ಲಿಗೆ ಬಂದಿದ್ದರೆ ಆ ಯಂತ್ರ ಸಿಗುತ್ತಿತ್ತು, ಚಾಕಣದಲ್ಲಿ ಸುಮ್ಮನೆ ಕೂತಿತ್ತು. ಆಗ ನಾನು ಟಾಕಿಯ ಕೆಳಗೆ ಕೊಡೆ ಹಿಡಿದು ಸಭೆ ನಡೆಸುತ್ತಿದ್ದೆ.

“ಒಂದು ಕೆಲಸ ಮಾಡೂಣ್ರಿ,” ಎಂದರು ಟರ್ನರ್. “ಹೊಲದಾಗ ಮರಳಚೀಲ ಒಟ್ಟಿ, ಹೆಚ್ಚಿಗಿ ಮದ್ದು ಹಾಕಿ, ದೂರ ನಿಂತು ಒಮ್ಮೆ ಹಾರಿಸೂಣು. ತಡಕೊಂಡ್ಲಂದ್ರ ಪಾಸ್.”

“ತಡಕೊಂಡ್ಲಂದ್ರ ಇವತ್ತ ತಡಕೊಂಡ್ಲು ಅಂತಷ್ಟ ಗೊತ್ತಾಗ್ತದ. ಬಿರುಕಿದ್ರ ಅದು ಇನ್ನಷ್ಟು ಬೆಳದು ಕೂತಿರ್ತದ. ನಾಡಿದ್ದ ನಿಮ್ಮ ಹೆಣ್ಣಮಕ್ಕಳು ಆರತಿ ತಾಟು ಹಿಡದು ಬಾಜೂಕ ನಿಂತಾಗ ಬಾಕಿದ್ದು ಬಿರದ್ರ?”

 ನಾನು ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಸರಿ.

“ನನಗ ಗೊತ್ತಿಲ್ಲ ಅಂದ್ರ ಬ್ಯಾಡ ಅಂತ ಅರ್ಥ,” ಎಂದೆ. “ಈ ಸಲ ಇಕಿ ಹಾರಂಗಿಲ್ಲ.”

ಓಣಿಯವರು ಅಷ್ಟರಲ್ಲಿ ಪಡಸಾಲೆಯ ಕಟ್ಟೆಯ ಸುತ್ತ ನೆರೆದಿದ್ದರು.  ಗಿರಣಿಯವರು ನನ್ನನ್ನು ಬೇವಿನ ಗಿಡದ ಕಡೆ ಕರೆದುಕೊಂಡು ಹೋದರು. ಹೆಗಲ ಮೇಲೆ ಕೈ ಇಟ್ಟರು, ಹಿಟ್ಟು ಉದುರಿತು.

“ಸಾಹೇಬ್ರ, ನೀವು ಕಾಗದದಾಗ ಉಖಳಿದಷ್ಟ ಬರೀರಿ. ಗುಡುಗವ್ವಂದು ಬರೀಲೇಬ್ಯಾಡ್ರಿ. ನಾವು ಅರ್ಧಾ ಮದ್ದು ಹಾಕಿ, ಪಾಲಕಿ ಬಂದಾಗ ಒಂದ ಸಲ. ಒಂದ. ನಿಮ್ಮ ಹೆಸರು ಎಲ್ಲೂ ಬರೂದಿಲ್ಲ.”

ಅವರ ಮುಖ ನೋಡಿದೆ. ಅದು ಬೇಡಿಕೆಯಾಗಿರಲಿಲ್ಲ; ಮುಂದೆ ಆಗುವುದರ ಸುದ್ದಿಯಾಗಿತ್ತು. ನಾನು ಘಾಟ್ ಇಳಿದ ಮೇಲೆ ಅವಳು ಹಾರುವವಳೇ. ನನ್ನ ತಲೆಯಲ್ಲಿ ಆ ಹಳೆಯ ರಾಶಿ ಬಂತು, ಕಾಲು ಬಂದು ನಡೆಯುವ ಕೆಟ್ಟ ಭಾಗಗಳು ಬಂದವು. ತೋಪಿನ ಬಳಿ ವಾಪಸು ಬಂದು, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ:

“ಇದನ್ನ ಕೊಯ್ಯಬೇಕು. ಇವತ್ತ.”

ಟರ್ನರ್ ನನ್ನನ್ನು ದಿಟ್ಟಿಸಿದರು. “ಉಖಳಿ ಕೊಯ್ಸಿದಂಗ?”

“ಉಖಳಿ ಕೊಯ್ಸಿದಂಗ. ಇಲ್ಲಂದ್ರ ಉಖಳಿ ಕಾಗದಕ್ಕೂ ಸಹಿ ಇಲ್ಲ.”

ಇದು ನಾನು ಆಡಿದ ಮಾತು. ಊರಿನ ಸಲಾಮಿಯನ್ನು ಓಣಿಯ ಕುತ್ತಿಗೆಗೆ ಕಟ್ಟಿದ್ದು. ಊರಿನ ಸಲಾಮಿಯೂ ತಪ್ಪಿತು, ಕಾರಣ ಕಾನಡಿ ಓಣಿಯವರು ಎಂದಾದರೆ ಆ ಓಣಿ ಊರಲ್ಲಿ ತಲೆಯೆತ್ತಿ ನಡೆಯುವುದು ಹೇಗೆ? ಅವರು ಅದನ್ನು ನನಗಿಂತ ಬೇಗ ಅರ್ಥಮಾಡಿಕೊಂಡರು.

ಸಾಸವಡದಲ್ಲಿ ಬ್ಯಾಂಡ್‌ಸಾ ಗರಗಸವಿದ್ದ ಒಂದು ವರ್ಕ್‌ಶಾಪು ಸಂಜೆಯವರೆಗೆ ತೆರೆದಿತ್ತು. ಮರುದಿನದ ಪೂಜೆಗಾಗಿ ಯಂತ್ರಗಳನ್ನು ಒರೆಸುತ್ತಿದ್ದರು. ಗುಡುಗವ್ವನನ್ನು ಟೆಂಪೋದಲ್ಲಿ ತಂದರು. ಅಲ್ಲಿಯ ಕೆಲಸಗಾರ ಅವಳನ್ನು ಮೇಜಿನ ಮೇಲೆ ಅಡ್ಡಾದಿಡ್ಡಿ ಮಲಗಿಸಿದಾಗ ಟರ್ನರ್ ಅವನನ್ನು ಪಕ್ಕಕ್ಕೆ ಸರಿಸಿದರು.

“ಸರೀಪಾ. ಕೊಯ್ಯೂದಾದ್ರ ನೆಟ್ಟಗ ಕೊಯ್ಯೂಣು.”

ಗುಣ್ಯ, ಅಂದರೆ ಮೂಲೆಮಟ್ಟ, ಇಟ್ಟು ನೋಡಿದರು, ಅಡಿಯಲ್ಲಿ ತಗಡು ಕೊಟ್ಟರು, ಬಿಗಿ ಮಾಡಿದರು. ಎಡಗಿವಿಯ ವೆಲ್ಡಿಂಗಿನ ನಡುಮಧ್ಯೆ, ಆ ಗೆರೆಯ ಮೇಲೇ, ಅಡ್ಡಡ್ಡ ಕೊಯ್ಯಿರಿ ಎಂದು ನಾನೇ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಕೊನೆಯ ಪಕ್ಷ ಸತ್ಯವಾದರೂ ತಿಳಿಯಲಿ ಎಂದು. ಗಿರಣಿಯವರು ಒಂದು ತೆಂಗಿನಕಾಯಿ ಒಡೆದರು. ಗರಗಸ ಇಳಿಯತೊಡಗಿತು. ಮೊದಲು ಕೆಂಪು ಪುಡಿ ಬಿತ್ತು, ಆಮೇಲೆ ಬಿಳಿ.

ತುಂಡಾದ ಮುಖವನ್ನು ನಾನು ಎಮರಿ ಕಾಗದದಲ್ಲಿ ತಿಕ್ಕಿದೆ. ದಪ್ಪದ್ದು, ನಯದ್ದು, ಇನ್ನೂ ನಯದ್ದು. ಕನ್ನಡಿಯಾಯಿತು. ಹತ್ತಿಯಲ್ಲಿ ಆಸಿಡ್ ಅದ್ದಿ ಸವರಿದೆ. ಆಸಿಡ್ ಬಿದ್ದರೆ ಉಕ್ಕು ತನ್ನ ಒಳಗಿನದನ್ನೆಲ್ಲ ತೋರಿಸುತ್ತದೆ: ವೆಲ್ಡಿಂಗ್ ಎಲ್ಲಿಯವರೆಗೆ ಇಳಿದಿದೆ, ಶಾಖ ಎಲ್ಲಿ ತಾಗಿದೆ, ಎಲ್ಲಿ ಸೀಳಿದೆ. ಭೂತಗನ್ನಡಿ ಹಿಡಿದೆ. ವೆಲ್ಡಿಂಗ್ ಅಂಚಿನಲ್ಲಿ ಒಂದು ಸಣ್ಣ ತಗ್ಗು. ತಗ್ಗಿನ ತುಂಬ ಗಟ್ಟಿಯಾದ ಶೇಂದೂರ. ಅದರ ಕೆಳಗೆ ಉಕ್ಕು ಒಂದೇ ಸಮ, ಒಂದು ಕೂದಲೆಳೆಯ ಗೆರೆಯೂ ಇಲ್ಲದೆ, ನಳಿಗೆಯವರೆಗೂ ಹಾಲಿನ ಕೆನೆಯ ಹಾಗೆ.

ದುಬೈಗೆ ಹೋದವನು ಬಿಸಿ ಮಾಡಿದ್ದ.

ಭೂತಗನ್ನಡಿಯನ್ನು ಟರ್ನರ್ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು.

“ಏನೂ ಇಲ್ಲಲ್ರಿ, ಸಾಹೇಬ್ರ.”

ಆಗ ನಾನು ಸುಮ್ಮನಿರಬೇಕಿತ್ತು. ಆದರೆ ವಿವರಿಸಿದೆ. ಈ ಮುಖದಲ್ಲಿ ಕಾಣಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದಲ್ಲ. ಗರಗಸ ತಾನೇ ಒಂದಷ್ಟು ದಪ್ಪದ ಲೋಹವನ್ನು ತಿಂದು ಪುಡಿ ಮಾಡುತ್ತದೆ. ಬಿರುಕು ಅಲ್ಲೇ ಇದ್ದಿದ್ದರೆ ಪುಡಿಯ ಜೊತೆ ಹೋಗಿರುತ್ತದೆ. ತಾಂತ್ರಿಕವಾಗಿ ಅದನ್ನು ತಳ್ಳಿಹಾಕಲು ಬರುವುದಿಲ್ಲ. ಇದನ್ನೆಲ್ಲ ಟಾಕಿ ಸಮಿತಿಯ ದನಿಯಲ್ಲಿ ಹೇಳಿದೆ.

ಟರ್ನರ್ ಗರಗಸದ ಕೆಳಗೆ ಬಿದ್ದಿದ್ದ ಕೆಂಪು ಬಿಳಿ ಪುಡಿಯ ಕಡೆ ನೋಡಿದರು. “ಹೌದ್ರಿ. ಪುಡಿಯೊಳಗ ಇರಬೇಕು,” ಎಂದರು. ಕಸಬರಿಗೆ ತೆಗೆದುಕೊಂಡು ಅದನ್ನು ಗುಡಿಸಿ, ಒಂದು ಕಾಗದದಲ್ಲಿ ಕಟ್ಟಿ, ನನ್ನ ಪೆಟ್ಟಿಗೆಯಲ್ಲಿ ಇಟ್ಟರು. “ಮನ್ಯಾಗ ಸಾವಕಾಶ ಹುಡುಕ್ರಿ.”

ಉಖಳಿಯ ಕಾಗದಕ್ಕೆ ಸಹಿ ಮಾಡಿ ಹೊರಟೆ. ದಿವೆ ಘಾಟ್‌ನ ನಡುವೆ ಮುಂದೊಂದು ಲಾರಿ ನಿಂತು ದಾರಿ ಕಟ್ಟಿತ್ತು. ಕಾರು ನಿಲ್ಲಿಸಿ, ಪೆಟ್ಟಿಗೆ ಜಾರಿದ ಸದ್ದಾಯಿತೆಂದು ಇಳಿದು ಹಿಂದಿನ ಡಿಕ್ಕಿ ತೆರೆದೆ. ಒಳಗೆ ಪೆಟ್ಟಿಗೆ, ನೀರಿನ ಬಾಟಲಿ, ಒಂದು ಕೊಡೆ. ಬಾಕಿಯೆಲ್ಲ ಖಾಲಿ. ಅಷ್ಟು ದೊಡ್ಡ ಡಿಕ್ಕಿ. ಇಬ್ಬರು ಹಿಡಿದರೆ ಎತ್ತಬಹುದಾದ ಗುಡುಗವ್ವ ಅದರಲ್ಲಿ ಕಾಲು ಚಾಚಿ ಮಲಗಬಹುದಿತ್ತು. ದಸರೆ ಮುಗಿಯುವವರೆಗೆ ನಮ್ಮ ಮನೆಯ ಮಂಚದ ಕೆಳಗೆ ಇದ್ದು, ಆಮೇಲೆ ಚಾಕಣಕ್ಕೆ ಹೋಗಿ, ಕಪ್ಪು ಪುಡಿ ಉದುರಿಸಿಕೊಂಡು, ಪಾಸಾಗಿ, ಮುಂದಿನ ವರ್ಷ ಗುಡುಗಬಹುದಿತ್ತು. ಹಾರಿಸುವುದನ್ನು ತಡೆಯಲು ಕೊಯ್ಯಬೇಕಿರಲಿಲ್ಲ. ಕದ್ದೊಯ್ದರೂ ಸಾಕಿತ್ತು. ಬತ್ತಿಯ ತೂತಿಗೆ ಒಂದು ಬೋಲ್ಟು ಬಡಿದಿದ್ದರೂ ಸಾಕಿತ್ತು. ಕಲಿಸಿದ್ದನ್ನು ಒಪ್ಪಿಸುವ ಶಾಲೆಯ ಹುಡುಗನ ಹಾಗೆ ನಾನು ‘ಕೊಯ್ಯಿರಿ’ ಎಂದಿದ್ದೆ. ಹಿಂದಿನ ಗಾಡಿಗಳು ಹಾರ್ನು ಹೊಡೆಯತೊಡಗಿದವು. ಡಿಕ್ಕಿ ಮುಚ್ಚಿದೆ.

ದಸರೆಯ ದಿನ ಮತ್ತೆ ಹೋದೆ. ಹೆಂಡತಿ, “ಬನ್ನಿ ಕೊಡಲಿಕ್ಕರೆ ಹೋಗ್ಬೇಕಲ್ಲ?” ಎಂದು ಕಾರಿನಲ್ಲಿ ತಾನೇ ಮೊದಲು ಹತ್ತಿ ಕೂತಳು. ಮೂರು ಉಖಳಿಗಳು ದೇವಸ್ಥಾನದ ಬಯಲಲ್ಲಿ ಒಂದರ ಹಿಂದೊಂದು ಹಾರಿದವು. ಸದ್ದು ಸ್ವಚ್ಛವಾಗಿತ್ತು. ಯಾರಿಗೂ ಏನೂ ಆಗಲಿಲ್ಲ. ಸಮಿತಿಯ ಹಿರಿಯರು ನನಗೆ ಶಾಲು ಹೊದಿಸಿದರು. ಆ ಶಾಲು ಹೊದ್ದುಕೊಂಡೇ ನಾನು ಕಾನಡಿ ಓಣಿಯ ಬಾಯಿಗೆ ಬಂದೆ. ತೆಗೆದು ಮಡಚಲು ತೋಚಲಿಲ್ಲ.

ಓಣಿಯ ಹೆಂಗಸರು ಆರತಿ ತಾಟು ಹಿಡಿದು ನಿಂತಿದ್ದರು. ತೋಪು ಇಲ್ಲವೆಂದು ಗೊತ್ತಿದ್ದೂ ನಿಂತಿದ್ದರು. ಪಾಲಕಿ ಬಂತು. ಹೊತ್ತವರು ಓಣಿಯ ಬಾಯಲ್ಲಿ ಒಂದು ಕ್ಷಣ ತಡೆದರು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಹೆಗಲು ಬದಲಿಸಿಕೊಂಡರು, ಅಷ್ಟೆ. ಹಲಗಿ ಬಾರಿಸುವವರು ಮುಂದೆ ಹೋದರು, ಪಾಲಕಿಯೂ ಹೋಯಿತು. ತಾಟಿನ ದೀಪಗಳು ಉರಿಯುತ್ತಲೇ ಇದ್ದವು. ಟರ್ನರ್ ಮನೆಯವರು ತಮ್ಮದನ್ನು ಬಾಯಿಂದ ಊದಿ ಆರಿಸಬಾರದೆಂದು ಸೆರಗಿನಿಂದ ಗಾಳಿ ಹಾಕಿ ಆರಿಸಿದರು.

ಟರ್ನರ್ ಗುಂಪಿನಿಂದ ಬಂದು ನನ್ನ ಕೈಗೆ ಬನ್ನಿ ಎಲೆ ಇಟ್ಟು ಕಾಲು ಮುಟ್ಟಲು ಬಾಗಿದರು. ನನಗಿಂತ ನಾಲ್ಕೈದು ವರ್ಷ ಚಿಕ್ಕವರು. ತಡೆದೆ.

“ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಸಾಹೇಬ್ರ.”

“ಬಂಗಾರದಂಗ ಇರೂಣು,” ಎಂದೆ. ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನೂ ಸ್ವಲ್ಪ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಅಷ್ಟೂ ಅನುಕೂಲ ಅವರು ಮಾಡಿಕೊಡಲಿಲ್ಲ.

ದೀಪಾವಳಿಗೆ ಗಿರಣಿಯವರು ಪುಣೆಗೆ ಬಂದವರು ನಾನಿಲ್ಲದ ಹೊತ್ತಿನಲ್ಲಿ ಒಂದು ಚೀಲ ಇಳಿಸಿ ಹೋದರು. ಹಿಟ್ಟಿರಬೇಕೆಂದು ಎತ್ತಲು ಹೋಗಿ ಸೊಂಟ ಹಿಡಿಯಿತು. ಒಳಗೆ ಒಂದು ಕುಟ್ಟಾಣಿ, ಅದರ ಒನಕೆ ಸಮೇತ. ಗುಡುಗವ್ವನ ಬುಡದ ಕಡೆಯ ಅರ್ಧವನ್ನು ಗಿಡ್ಡ ಮಾಡಿ, ಬಾಯಿ ಅಗಲಿಸಿ, ತಿರುವಿ ಮಾಡಿದ್ದು. ಒಳಗೆ ತಳ ಮೊದಲಿನಂತೆಯೇ ದುಂಡಗೆ. “ಬಾಯಿ ಸಾಹೇಬ್ರಿಗೆ ಬೆಳ್ಳುಳ್ಳಿ ಜಜ್ಜಾಕ ಅಂತ ಟರ್ನರ್ ಹೇಳ್ಯಾರ,” ಎಂದಿದ್ದರಂತೆ ಗಿರಣಿಯವರು.

ಹೆಂಡತಿ ಅದನ್ನು ಕಟ್ಟೆಯ ಮೇಲಿಟ್ಟು ಎರಡು ದಿನ ಮುಟ್ಟಲಿಲ್ಲ. ಮೂರನೆಯ ದಿನ ಚಟ್ನಿಪುಡಿಗೆ ಹೊತ್ತಾಗಿತ್ತು. “ಏನ್ರಿ, ಇದಕ್ಕ ನಿಮ್ಮ ಸಹಿ ಬೇಕೋ, ಹಂಗ ಕುಟ್ಟಲೋ?” ಎಂದಳು.

ಕುಟ್ಟು ಎಂದೆ.

ಆವತ್ತಿನಿಂದ ನಮ್ಮ ಮನೆಯಲ್ಲಿ ಬೆಳಗಾಗುವುದು ಆ ಸದ್ದಿಗೆ. ಗಟ್ಟಿ ಉಕ್ಕು, ಎಲ್ಲೂ ಒಡಕು ದನಿಯಿಲ್ಲ. ಗಂಟೆಯ ಹಾಗೆ ಬಾರಿಸುತ್ತದೆ, ಕೆಳಗಿನ ಮನೆಯವರು ಸೊಸೈಟಿಗೆ ದೂರು ಕೊಟ್ಟಿದ್ದಾರೆ. ಸಮಿತಿಯ ಅಧ್ಯಕ್ಷನಾಗಿ ಅದರ ವಿಚಾರಣೆ ನನ್ನ ಮುಂದೆಯೇ ಇದೆ. ಟರ್ನರ್ ಹೊರಮೈಯನ್ನೆಲ್ಲ ಬೆಳ್ಳಿಯ ಹಾಗೆ ತಿರುವಿದ್ದಾರೆ, ಒಂದು ಪಕ್ಕ ಬಿಟ್ಟು. ಅಲ್ಲಿ ಎಡಗಿವಿಯ ವೆಲ್ಡಿಂಗಿನ ಅಂಚು, ಅದರ ತಗ್ಗು, ತಗ್ಗಿನಲ್ಲಿ ಉಗುರಿನ ಅಂಚಿನಷ್ಟು ಕೆಂಪು ಹಾಗೇ ಇದೆ. ಎಷ್ಟು ತೊಳೆದರೂ ಹೋಗುವುದಿಲ್ಲ ಎನ್ನುತ್ತಾಳೆ ಹೆಂಡತಿ. ಅದು ಅವರ ಶೇಂದೂರವೋ ನನ್ನ ಡೈಯೋ, ಪರೀಕ್ಷಿಸುವ ಸಾಮಾನು ಪಕ್ಕದ ಕೋಣೆಯ ಪೆಟ್ಟಿಗೆಯಲ್ಲೇ ಇದೆ, ಆ ಕಾಗದದ ಪೊಟ್ಟಣದ ಜೊತೆಗೆ. ತೆರೆದಿಲ್ಲ.